ತಳಂಗರೆಯಿಂದ ನಾಗಪುರದವರೆಗೆ

ಒಂದು ಊರಿನ ಹೆಸರು ನಾಡಿನವರ ಬಾಯಲ್ಲಿ ನೆಲೆಗೊಳ್ಳುವುದಕ್ಕೆ ಹಲವು ದಾರಿಗಳುಂಟು. ನಮ್ಮ ಕುಂಬಳೆಯ ಹೆಸರನ್ನು ಹಿಂದೆ ಪಾರ್ತಿಸುಬ್ಬನು ಯಕ್ಷಗಾನದ ರಂಗಸ್ಥಳಗಳಿಗೆ ಒಯ್ದನು. ಬಹುಕಾಲದ ಮೇಲೆ ಅದೇ ಹೆಸರನ್ನು ಅನಿಲ್ ಕುಂಬ್ಳೆಯವರು ಲೋಕದ ಕ್ರಿಕೆಟ್ ಮೈದಾನಗಳಿಗೆ ಒಯ್ದರು. ಅವರು ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಾದರೂ ಮನೆತನದ ಬೇರು ಇಲ್ಲಿಯದು. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟುಗಳನ್ನು ಅವರೊಬ್ಬರೇ ಉರುಳಿಸಿದಾಗ, ಕುಂಬಳೆಯೆಂಬುದು ಒಂದು ಊರೆಂದು ಅರಿಯದವರೂ ಆ ಹೆಸರನ್ನು ಉಚ್ಚರಿಸಿದರು. ಈಗ ಅಲ್ಲಿಂದ ಹೆಚ್ಚು ದೂರವಿಲ್ಲದ ತಳಂಗರೆಗೂ ಅಂಥ ಭಾಗ್ಯ ಒದಗಿದೆ. ಆ ಭಾಗ್ಯವನ್ನು ತಂದ ತರುಣನ ಹೆಸರು ಮೊಹಮ್ಮದ್ ಅಜರುದ್ದೀನ್. ಈತ ಕೇರಳ ತಂಡದ ದಾಂಡಿಗ, ಮತ್ತು ವಿಕೆಟ್ ಕೀಪರ್.

ಗಡಿನಾಡಿನ ಕನ್ನಡ ಮನೆಗಳಲ್ಲಿ ಕ್ರಿಕೆಟ್ ಎಂದರೆ ಬಹುಕಾಲ ಕರ್ನಾಟಕ ತಂಡದ ಆಟವೇ ಆಗಿತ್ತು. ನಮ್ಮ ಹಿರಿಯರು ರೇಡಿಯೋದ ಮುಂದೆ ಕುಳಿತು ಪ್ರಸನ್ನ, ಚಂದ್ರಶೇಖರ, ವಿಶ್ವನಾಥರ ಆಟವನ್ನು ಕಿವಿಯಿಂದಲೇ ಕಂಡವರು. 1974ರಲ್ಲಿ ಕರ್ನಾಟಕವು ಮೊದಲ ಬಾರಿಗೆ ರಣಜಿ ಪಾರಿತೋಷಕವನ್ನು ಗೆದ್ದ ಸುದ್ದಿಯನ್ನು ಅವರು ಮನೆಯ ಮದುವೆಯ ಸುದ್ದಿಯಂತೆ ಹೇಳುತ್ತಿದ್ದರು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಮನಸ್ಸಿನ ತಂಡ ಮಾತ್ರ ಬದಲಾಗಲಿಲ್ಲ. ಆದರೆ ಇಂದಿನ ಮಕ್ಕಳ ಸ್ಥಿತಿ ಬೇರೆ. ಅವರು ಓದುವುದು ಕನ್ನಡದಲ್ಲಿ, ಆಡಬೇಕಾದದ್ದು ಕೇರಳದ ಜಿಲ್ಲಾ ತಂಡದಲ್ಲಿ. ನಮ್ಮ ಶಾಲೆಯ ಏಳನೆಯ ತರಗತಿಯ ಬಾಲಕನೊಬ್ಬ ಒಂದು ದಿನ ನಮ್ಮೆದುರು ನಿಂತು, “ಮಾಸ್ಟ್ರೇ, ಕರ್ನಾಟಕಕ್ಕೂ ಕೇರಳಕ್ಕೂ ಮ್ಯಾಚ್ ಆದರೆ ನಾವು ಯಾರ ಕಡೆ?” ಎಂದು ಕೇಳಿದ. ಆ ಪ್ರಶ್ನೆಯಲ್ಲಿ ಆಟದ ಕುತೂಹಲಕ್ಕಿಂತ ಹೆಚ್ಚಿನದೇನೋ ಇದ್ದಂತೆ ನಮಗೆ ತೋರಿತು. ಬಾಯಿಮಾತಿನ ಉತ್ತರಕ್ಕಿಂತ ಕಣ್ಣಿಗೆ ಕಾಣುವ ಪಾಠವೇ ಮೇಲೆಂದು ಬಗೆದು, ಒಂದು ಶನಿವಾರ ಮೇಲಿನ ತರಗತಿಯ ಕೆಲವು ಮಕ್ಕಳನ್ನೂ ಒಬ್ಬ ಸಹೋದ್ಯೋಗಿಯನ್ನೂ ಕೂಡಿಕೊಂಡು ತಳಂಗರೆಗೆ ಹೊರಟೆವು.

ಕುಂಬಳೆಯಿಂದ ತೆಂಕಣಕ್ಕೆ ಬಸ್ಸು ಸಾಗಿದರೆ ಮೊದಲು ಸಿಗುವುದು ಮೊಗ್ರಾಲು. ಅದು ಕಾಲ್ಚೆಂಡಿನಾಟಕ್ಕೂ ಮಾಪಿಳ್ಳ ಹಾಡುಗಳಿಗೂ ಹೆಸರಾದ ಊರು. ಹೊಳೆಯನ್ನು ದಾಟಿ, ತೆಂಗಿನ ತೋಟಗಳ ನೆರಳನ್ನು ಹಾದು ಮುಂದುವರಿದರೆ ಕಾಸರಗೋಡು ಪಟ್ಟಣ. ದಾರಿಯುದ್ದಕ್ಕೂ ಅಂಗಡಿಗಳ ಫಲಕಗಳಲ್ಲಿ ಮಲಯಾಳವೂ ಕನ್ನಡವೂ ಒಂದರ ಪಕ್ಕ ಒಂದು ನಿಂತಿರುವುದನ್ನು ಮಕ್ಕಳು ಎಣಿಸುತ್ತ ಬಂದರು. ಪಟ್ಟಣದ ರೈಲು ನಿಲ್ದಾಣದ ಆಚೆಗೆ, ಚಂದ್ರಗಿರಿ ಹೊಳೆಯು ಕಡಲನ್ನು ಕೂಡುವ ದಿಕ್ಕಿಗೆ ನಡೆದರೆ ತಳಂಗರೆ. ಹೊಳೆಯ ಆಚೆ ದಡದಲ್ಲಿ ಹದಿನೇಳನೆಯ ಶತಮಾನದಲ್ಲಿ ಇಕ್ಕೇರಿಯ ಶಿವಪ್ಪನಾಯಕನು ಕಟ್ಟಿಸಿದ ಚಂದ್ರಗಿರಿ ಕೋಟೆ. ಈಚೆ ದಡದಲ್ಲಿ ಪ್ರಾಚೀನ ಕೀರ್ತಿಯ ಮಾಲಿಕ್ ದೀನಾರ್ ಮಸೀದಿ. ತುಳುನಾಡು ಮುಗಿದು ಮಲಯಾಳದ ನಾಡು ತೊಡಗುವುದು ಈ ಹೊಳೆಯಿಂದಲೇ ಎಂಬುದು ಹಿಂದಿನವರ ಎಣಿಕೆ. ಕನ್ನಡವನ್ನು ಚೆನ್ನಾಗಿ ಬಲ್ಲ ಮಲಯಾಳ ಕವಿ ಟಿ. ಉಬೈದ್ ಅವರು ಬಾಳಿದ್ದು ಈ ತಳಂಗರೆಯಲ್ಲಿ. ಇಲ್ಲಿಯ ಕೈಹೊಲಿಗೆಯ ಬಿಳಿ ಟೊಪ್ಪಿಗೆ ದೂರದ ಊರುಗಳಲ್ಲೂ ಬೆಲೆಯಿತ್ತು. ಟೊಪ್ಪಿಗೆ ಹೆಸರಾದ ಊರಿನ ಹುಡುಗನು ರಾಜ್ಯ ತಂಡದ ಟೊಪ್ಪಿಯನ್ನು ಧರಿಸಿದನೆಂದು ನಮ್ಮ ಸಹೋದ್ಯೋಗಿ ನಗೆಯಾಡಿದರು.

ಅಜರುದ್ದೀನ್ ಹುಟ್ಟಿದ್ದು 1994ರ ಮಾರ್ಚ್ 22ರಂದು. ಎಂಟು ಮಂದಿ ಗಂಡುಮಕ್ಕಳಲ್ಲಿ ಕಿರಿಯವನು. ಆಗ ಭಾರತ ತಂಡದ ನಾಯಕರಾಗಿದ್ದವರು ಹೈದರಾಬಾದಿನ ಮಹಮ್ಮದ್ ಅಜರುದ್ದೀನ್. ಆ ಆಟಗಾರನ ಮೇಲಣ ಅಭಿಮಾನದಿಂದ ಅಣ್ಣನೊಬ್ಬನು ತಮ್ಮನಿಗೆ ಅದೇ ಹೆಸರನ್ನು ಇರಿಸಿದನು. ಹೆಸರು ಇಡುವುದು ಸುಲಭ. ಅದನ್ನು ಹೊತ್ತು ನಡೆಯುವುದು ಕಷ್ಟ. ಹುಡುಗನು ತಪ್ಪಾಗಿ ಆಡಿದ ಪ್ರತಿ ಸಲವೂ ಜನರು ದೊಡ್ಡ ಹೆಸರನ್ನು ನೆನಪಿಸದೆ ಬಿಡುವರೇ?

ನಮ್ಮ ಕರಾವಳಿಯಲ್ಲಿ ಕೊಯಿಲಾದ ಗದ್ದೆಯೇ ಮಕ್ಕಳ ಮೊದಲ ಮೈದಾನ. ರಬ್ಬರ್ ಚೆಂಡಿನಿಂದ ತೊಡಗಿ ಟೆನಿಸ್ ಚೆಂಡಿಗೆ, ಬಳಿಕ ರಾತ್ರಿಯ ದೀಪಗಳ ಕೆಳಗೆ ನಡೆಯುವ ಅಂಡರ್ ಆರ್ಮ್ ಪಂದ್ಯಾಟಗಳಿಗೆ ಏರುವುದು ಇಲ್ಲಿನ ಕ್ರಮ. ಹೆಚ್ಚಿನವರ ಆಟ ಅಲ್ಲಿಗೇ ಮುಗಿಯುತ್ತದೆ. ಅದರಾಚೆಗೆ ಬಿಗಿಯಾದ ತೊಗಲಿನ ಚೆಂಡಿನ ಲೋಕವಿದೆ. ವಯಸ್ಸಿನ ಪ್ರಕಾರ ಜಿಲ್ಲಾ ತಂಡ, ಜಿಲ್ಲೆಗಳ ನಡುವಿನ ಪಂದ್ಯಾಟ, ಅಲ್ಲಿ ಕಣ್ಣಿಗೆ ಬಿದ್ದರೆ ರಾಜ್ಯದ ಕಿರಿಯರ ತಂಡ, ಹೀಗೆ ಮೆಟ್ಟಿಲುಗಳು. ರಾಜ್ಯದ ಉತ್ತರದ ಕೊನೆಯಲ್ಲಿರುವ ಕಾಸರಗೋಡಿನ ಹುಡುಗನಿಗೆ ಪ್ರತಿ ಮೆಟ್ಟಿಲೂ ಒಂದು ಇರುಳಿನ ರೈಲು ಪ್ರಯಾಣದಷ್ಟು ದೂರ. ಈ ಮೆಟ್ಟಿಲುಗಳನ್ನು ಏರಿ ಅಜರುದ್ದೀನ್ 2015-16ರ ಋತುವಿನಲ್ಲಿ ಕೇರಳದ ಪರವಾಗಿ ರಣಜಿ ಪಂದ್ಯಗಳಿಗೆ ಇಳಿದರು. ಮುಂದಿನ ಐದು ವರ್ಷಗಳಲ್ಲಿ ಜಿಲ್ಲೆಯ ಹೊರಗೆ ಅವರನ್ನು ಬಲ್ಲವರು ಕಡಿಮೆ.

2021ರ ಜನವರಿ 13ರ ರಾತ್ರಿ ಎಲ್ಲವೂ ಬದಲಾಯಿತು. ಮುಂಬಯಿಯ ವಾಂಖೇಡೆ ಮೈದಾನದಲ್ಲಿ ಸೈಯದ್ ಮುಷ್ತಾಕ್ ಅಲಿ ಪಾರಿತೋಷಕದ ಇಪ್ಪತ್ತು ಓವರುಗಳ ಪಂದ್ಯ. ಮುಂಬಯಿ 196 ಓಟಗಳನ್ನು ಕೂಡಿಸಿತ್ತು. ಅಜರುದ್ದೀನರ ಜೊತೆಗೆ ಆಟ ತೊಡಗಿದವರು ನಮ್ಮ ಕೊಡಗಿನ ರಾಬಿನ್ ಉತ್ತಪ್ಪ. ಕರ್ನಾಟಕಕ್ಕೆ ಹಲವು ವರ್ಷ ಆಡಿ ಆ ಕಾಲಕ್ಕೆ ಕೇರಳ ತಂಡವನ್ನು ಸೇರಿದ್ದವರು. ಅಜರುದ್ದೀನ್ 37 ಎಸೆತಗಳಲ್ಲಿ ಶತಕವನ್ನು ಮುಟ್ಟಿ, 54 ಎಸೆತಗಳಿಂದ 137 ಓಟ ಗಳಿಸಿ ಔಟಾಗದೆ ಉಳಿದರು. ಅದರಲ್ಲಿ ಒಂಬತ್ತು ಬೌಂಡರಿ, ಹನ್ನೊಂದು ಸಿಕ್ಸರ್. ಹದಿನಾರು ಓವರುಗಳು ಮುಗಿಯುವ ಮೊದಲೇ ಕೇರಳ ಗೆದ್ದಿತು. ಕೇರಳ ಕ್ರಿಕೆಟ್ ಸಂಸ್ಥೆಯು ಓಟವೊಂದಕ್ಕೆ ಸಾವಿರ ರೂಪಾಯಿಯಂತೆ ಲೆಕ್ಕ ಹಾಕಿ 1,37,000 ರೂಪಾಯಿಗಳ ಬಹುಮಾನವನ್ನು ಘೋಷಿಸಿತು. ಆ ದಿನಗಳಲ್ಲಿ ಪತ್ರಿಕೆಗಳು ಇನ್ನೊಂದು ಸಂಗತಿಯನ್ನೂ ಪ್ರಕಟಿಸಿದವು: ಈತ ತನ್ನ ಬಯಕೆಗಳನ್ನು ಒಂದು ಕಾಗದದಲ್ಲಿ ಬರೆದು ಮನೆಯಲ್ಲಿ ಅಂಟಿಸಿದ್ದರಂತೆ. ಐ.ಪಿ.ಎಲ್. ತಂಡದಲ್ಲಿ ಸ್ಥಾನ, ರಣಜಿಯಲ್ಲಿ ನಾಲ್ಕು ಶತಕ, ಸ್ವಂತ ಮನೆ, ಬೆಂಜ್ ಕಾರು, 2023ರ ವಿಶ್ವಕಪ್.

ಪಟ್ಟಿಯ ಮೊದಲನೆಯದು ಬೇಗನೆ ಕೈಗೂಡಿತು. 2021ರ ಫೆಬ್ರವರಿಯ ಹರಾಜಿನಲ್ಲಿ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡವು ಅವರನ್ನು 20 ಲಕ್ಷ ರೂಪಾಯಿಗೆ ಪಡೆಯಿತು. ತಳಂಗರೆಯ ಹುಡುಗ ಬೆಂಗಳೂರು ತಂಡಕ್ಕೆ ಎಂದಾಗ ಗಡಿನಾಡಿನ ಕನ್ನಡಿಗರಿಗೂ ಎರಡು ಪಟ್ಟು ಸಂತೋಷ. ಆದರೆ ಆ ಋತುವಿನಲ್ಲಿ ಒಂದು ಪಂದ್ಯದಲ್ಲಾದರೂ ಆಡುವ ಅವಕಾಶ ಅವರಿಗೆ ಸಿಗಲಿಲ್ಲ. 2023ರ ವಿಶ್ವಕಪ್ಪೂ ಅವರಿಲ್ಲದೆ ಕಳೆಯಿತು. ಒಂದು ರಾತ್ರಿಯ ಮಿಂಚಿನಿಂದ ಲೋಕದ ಕಣ್ಣಿಗೆ ಬಿದ್ದವರನ್ನು ಲೋಕವು ಮರೆಯುವುದೂ ಅಷ್ಟೇ ಬೇಗ. ಅನೇಕರು ಇಲ್ಲಿಯೇ ಕೈಚೆಲ್ಲುತ್ತಾರೆ. ಈತ ಕೈಚೆಲ್ಲಲಿಲ್ಲ, ಮತ್ತೆ ರಾಜ್ಯ ತಂಡದ ದುಡಿಮೆಗೆ ಮರಳಿದರು.

2024-25ರ ರಣಜಿ ಋತುವು ಆ ದುಡಿಮೆಯ ಫಲ. ಆಟವನ್ನು ಅರಿಯದ ಓದುಗ ಬಂಧುಗಳಿಗಾಗಿ ಒಂದು ಮಾತು: ರಣಜಿಯ ನಾಕೌಟ್ ಪಂದ್ಯವು ಸೋಲು ಗೆಲುವು ಕಾಣದೆ ಮುಗಿದರೆ, ಮೊದಲ ಇನ್ನಿಂಗ್ಸಿನಲ್ಲಿ ಒಂದೇ ಒಂದು ಓಟ ಮುಂದಿದ್ದವರೂ ಮೇಲಿನ ಸುತ್ತಿಗೆ ಹೋಗುತ್ತಾರೆ. ಪುಣೆಯಲ್ಲಿ ಜಮ್ಮು ಮತ್ತು ಕಾಶ್ಮೀರದ ಎದುರು ನಡೆದ ಕ್ವಾರ್ಟರ್ ಫೈನಲಿನಲ್ಲಿ ಕೇರಳಕ್ಕೆ ದೊರೆತ ಮುನ್ನಡೆ ನಿಜವಾಗಿಯೂ ಒಂದೇ ಓಟದ್ದು, 280ಕ್ಕೆ ಎದುರಾಗಿ 281. ಕೊನೆಯ ದಿನ ಸೋಲದೆ ಉಳಿಯಬೇಕು. ಆರು ವಿಕೆಟುಗಳು ಬಿದ್ದ ಮೇಲೆ ಅಜರುದ್ದೀನರೂ ಸಲ್ಮಾನ್ ನಿಸಾರರೂ ಕದಲದೆ ನಿಂತರು. ಅಜರುದ್ದೀನರು ಗಳಿಸಿದ್ದು 67. ಆದರೆ ಅಂದು ಬೇಕಾದದ್ದು ಓಟಗಳಲ್ಲ, ಹೊತ್ತು.

ಮುಂದಿನದು ಅಹಮದಾಬಾದಿನಲ್ಲಿ ಗುಜರಾತಿನ ಎದುರು ಸೆಮಿಫೈನಲ್. ಅಲ್ಲಿ ಅಜರುದ್ದೀನ್ 341 ಎಸೆತಗಳನ್ನು ಎದುರಿಸಿ 177 ಓಟಗಳೊಂದಿಗೆ ಔಟಾಗದೆ ಉಳಿದರು. ಮೊದಲ ದಿನ ತೊಡಗಿದ ಅವರ ಆಟ ಮೂರನೆಯ ದಿನಕ್ಕೂ ಮುಂದುವರಿಯಿತು. ಕೇರಳ 457. ಗುಜರಾತು ಏಳು ವಿಕೆಟಿಗೆ 429ರವರೆಗೆ ಬಂದು ಐದನೆಯ ದಿನದ ಬೆಳಗಿಗೆ ನಿಂತಿತು. ಒಂದೊಂದು ಓಟವೂ ಕಡಲೆಕಾಯಿಯಂತೆ ಎಣಿಕೆಗೆ ಸಿಕ್ಕುವ ಹೊತ್ತು. 455 ಆದಾಗ ಕೊನೆಯ ದಾಂಡಿಗರಲ್ಲೊಬ್ಬನು ಬಲವಾಗಿ ಬೀಸಿದ ಚೆಂಡು ಸಮೀಪದಲ್ಲಿ ನಿಂತಿದ್ದ ಸಲ್ಮಾನ್ ನಿಸಾರರ ಶಿರಸ್ತ್ರಾಣಕ್ಕೆ ಬಡಿದು ಮೇಲಕ್ಕೆ ಚಿಮ್ಮಿತು. ನಾಯಕ ಸಚಿನ್ ಬೇಬಿಯವರು ಅದನ್ನು ಹಿಡಿದರು. ಮುನ್ನಡೆ ಎರಡು ಓಟ! ಕೇರಳ ರಾಜ್ಯವು ಹುಟ್ಟಿದಂದಿನಿಂದ ಅದರ ತಂಡವು ರಣಜಿಯ ಫೈನಲನ್ನು ಕಂಡದ್ದು ಅದೇ ಮೊದಲು.

ನಾಗಪುರದ ಫೈನಲಿನಲ್ಲಿ ಇದೇ ನಿಯಮವು ಕೇರಳಕ್ಕೆ ಎದುರಾಯಿತು. ವಿದರ್ಭ 379, ಕೇರಳ 342. 2025ರ ಮಾರ್ಚ್ 2ರಂದು ಪಂದ್ಯ ಡ್ರಾ ಆಗಿ ಪಾರಿತೋಷಕ ವಿದರ್ಭದ ಪಾಲಾಯಿತು. ಕೇರಳದ ಕೈಯಿಂದ ಪಂದ್ಯವನ್ನು ಸೆಳೆದವರಲ್ಲಿ ಮುಖ್ಯನು, 86 ಮತ್ತು 135 ಓಟಗಳನ್ನು ಗಳಿಸಿದ ಕರುಣ್ ನಾಯರ್. ಮಲಯಾಳಿ ತಂದೆತಾಯಿಗಳ ಮಗ, ಬೆಂಗಳೂರಿನಲ್ಲಿ ಬೆಳೆದವನು, ಕರ್ನಾಟಕಕ್ಕೆ ಆಡಿ ಹೆಸರಾದವನು, ಆಗ ವಿದರ್ಭದ ದಾಂಡಿಗ. ಇದನ್ನು ಮಕ್ಕಳಿಗೆ ತಿಳಿಸಿದಾಗ, ಪ್ರಶ್ನೆ ಕೇಳಿದ್ದ ಆ ಬಾಲಕನು, “ಹಾಗಾದರೆ ಅವರು ಯಾರವರು ಮಾಸ್ಟ್ರೇ?” ಎಂದ. ನಾವು ಉತ್ತರಿಸುವ ಮೊದಲೇ ಅವನ ಗೆಳತಿಯೊಬ್ಬಳು, “ಆಡುವಷ್ಟು ಹೊತ್ತು ಆ ತಂಡದವರು, ಮನೆಗೆ ಬಂದಾಗ ಮನೆಯವರು” ಎಂದಳು. ತರಬೇತಿ ಶಾಲೆಯಲ್ಲಿ ಕಲಿತ ಯಾವ ಬೋಧನಾಕ್ರಮವೂ ಅದಕ್ಕಿಂತ ನೇರವಾದ ಉತ್ತರವನ್ನು ನಮಗೆ ಒದಗಿಸುತ್ತಿರಲಿಲ್ಲ.

ಆ ಮಾತಿಗೆ ಬೆಂಗಳೂರೇ ಸಾಕ್ಷಿ ನುಡಿಯಿತು. 2025ರ ಸೆಪ್ಟೆಂಬರಿನಲ್ಲಿ ದುಲೀಪ್ ಪಾರಿತೋಷಕದ ಫೈನಲ್ ಬೆಂಗಳೂರಿನಲ್ಲಿ ನಡೆಯಿತು. ಕರ್ನಾಟಕ, ಕೇರಳ, ತಮಿಳುನಾಡು ಮೊದಲಾದ ರಾಜ್ಯಗಳ ಆಟಗಾರರನ್ನು ಕೂಡಿಸಿದ ದಕ್ಷಿಣ ವಲಯದ ತಂಡಕ್ಕೆ ಅಂದು ನಾಯಕನಾಗಿದ್ದವರು ತಳಂಗರೆಯ ಅಜರುದ್ದೀನ್. ಪಂದ್ಯವನ್ನು ಮಧ್ಯ ವಲಯ ಗೆದ್ದಿತು. ಗೆಲುವು ಬಾರದಿದ್ದರೂ, ನಾವು ಯಾರ ಕಡೆಯೆಂಬ ಚಿಂತೆಯಿಲ್ಲದೆ ಗಡಿನಾಡಿನವರು ಒಂದೇ ತಂಡವನ್ನು ನೋಡಿದ ದಿನಗಳವು. ಬಳಿಕ 2025-26ರ ರಣಜಿ ಋತುವಿಗೆ ಕೇರಳವು ಅವರನ್ನು ನಾಯಕನನ್ನಾಗಿ ಆರಿಸಿತು.

ಕಾಸರಗೋಡಿನ ವಿದ್ಯಾನಗರದಲ್ಲಿ ನಗರಸಭೆಯ ಕ್ರೀಡಾಂಗಣಕ್ಕೆ ಹೋಗುವ ರಸ್ತೆಗೆ 2025ರ ಫೆಬ್ರವರಿಯಲ್ಲಿ ಸುನಿಲ್ ಗಾವಸ್ಕರರ ಹೆಸರನ್ನು ಇರಿಸಲಾಯಿತು. ಸ್ವತಃ ಗಾವಸ್ಕರರು ಬಂದಿದ್ದರು. ತಳಂಗರೆಯನ್ನು ಕಂಡ ಮೇಲೆ ಮಕ್ಕಳನ್ನು ಅಲ್ಲಿಗೂ ಕರೆದೊಯ್ದೆವು. ಫಲಕವನ್ನು ಓದಿದ ಮಕ್ಕಳಿಗೆ ನಾವು ಒಂದು ಲೆಕ್ಕವನ್ನು ಕೊಟ್ಟೆವು: 54 ಎಸೆತಗಳಿಂದ 137 ಓಟ, 341 ಎಸೆತಗಳಿಂದ 177 ಓಟ, ನೂರು ಎಸೆತಕ್ಕೆ ಎಷ್ಟೆಷ್ಟು? ಮೊದಲನೆಯದಕ್ಕೆ 253ಕ್ಕೂ ಮಿಗಿಲು, ಎರಡನೆಯದಕ್ಕೆ 52ರಷ್ಟು ಎಂಬ ಉತ್ತರ ಬಂದಿತು. “ಹಾಗಾದರೆ ಮೊದಲನೆಯದೇ ದೊಡ್ಡದು” ಎಂದರು ಹಲವರು. ಲೆಕ್ಕದ ಪ್ರಕಾರ ಸರಿ. ಆದರೆ ಮೊದಲನೆಯದು ಒಬ್ಬ ಆಟಗಾರನಿಗೆ ಹೆಸರನ್ನು ತಂದಿತು. ನಾಲ್ಕು ಋತುಗಳ ಬಳಿಕ ಬಂದ ಎರಡನೆಯದು ಒಂದು ತಂಡವನ್ನು ಅದು ಹಿಂದೆಂದೂ ತಲುಪದ ಕಡೆಗೆ ಒಯ್ದಿತು.

ಗಡಿನಾಡಿನ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕುಗ್ಗುತ್ತಿರುವ ಕಾಲವಿದು. ಇಲ್ಲಿ ಹುಟ್ಟಿದವರಿಗೆ ಎರಡೂ ಕಡೆ ಬಾಗಿಲು ದೂರವೆಂದು ಕೊರಗುವ ಹಿರಿಯರು ನಮ್ಮಲ್ಲಿ ಬಹಳ. ದೂರವೆಂಬುದು ನಿಜ, ಆದರೆ ದೂರದ ದಾರಿಯನ್ನು ಒಂದು ಋತುವಿನಲ್ಲಿ ಅಳೆಯಲಾಗದು. ಮಕ್ಕಳು ಬಯಕೆಗಳ ಪಟ್ಟಿಯನ್ನು ಬರೆದು ಅಂಟಿಸಲಿ, ಮನೆಯವರು ಅದನ್ನು ಕಂಡು ನಗದಿರಲಿ. ಪಟ್ಟಿಯಲ್ಲಿ ಕೆಲವು ಕೈಗೂಡುವುವು, ಕೆಲವು ಕೈತಪ್ಪುವುವು. ಅಜರುದ್ದೀನರ ಪಟ್ಟಿಯಲ್ಲಿ ರಣಜಿ ಫೈನಲ್ ಇರಲಿಲ್ಲ, ದಕ್ಷಿಣ ವಲಯದ ನಾಯಕತ್ವವೂ ಇರಲಿಲ್ಲ. ಬರೆಯದೆ ಬಂದ ಆ ಎರಡೂ, ಪಂದ್ಯವಿಲ್ಲದೆ ಕಳೆದ ಋತುವಿನ ನಂತರವೂ ಮೈದಾನವನ್ನು ಬಿಡದೆ ಇದ್ದವನಿಗೆ ಒದಗಿದ ಫಲಗಳು.