ತರಗಿನ ಹೊಗೆ, ವಿಮಾನದ ಹೊಗೆ

ಮಗಳಿರುವ ಸ್ಯಾನ್‌ಫ್ರಾನ್ಸಿಸ್ಕೋಗೆ ಟಿಕೆಟ್ ಕಾಯ್ದಿರಿಸುವಾಗ ಅಳಿಯಂದಿರು, "ಮಾವ, ಇನ್ನೂ ಸ್ವಲ್ಪ ಹಣ ಕಟ್ಟಿದರೆ ನಿಮ್ಮ ಪ್ರಯಾಣದ ಇಂಗಾಲದ ಬಾಬ್ತೂ ತೀರುತ್ತದೆ" ಎಂದರು. ವೈದ್ಯನಾಥಪುರದ ದೇವಾಲಯದ ಬಳಿ, ಶಿಂಷೆಯ ದಡದಲ್ಲಿ ಕುಳಿತು ಲೆಕ್ಕ ಹಾಕಿದೆ. ಒಬ್ಬರು ಹೋಗಿಬಂದರೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್. ಭಾರತೀಯನೊಬ್ಬನ ಇಡೀ ವರ್ಷದ ಸರಾಸರಿಯೂ ಹೆಚ್ಚುಕಡಿಮೆ ಅಷ್ಟೇ!

ಇಂತಹ ಹಣ ಎಲ್ಲಿಗೆ ಹೋಗುತ್ತದೆಂದು ತಿಳಿಯಲು ದೂರ ಹೋಗಬೇಕಿಲ್ಲ. ಪಕ್ಕದ ಮಳವಳ್ಳಿ ತಾಲ್ಲೂಕಿನಲ್ಲಿ ಕಬ್ಬಿನ ತರಗು, ತೆಂಗಿನ ಗರಿಗಳಿಂದ ವಿದ್ಯುತ್ ತಯಾರಿಸಲು ಕಟ್ಟಿದ 4.5 ಮೆಗಾವಾಟ್ ಸ್ಥಾವರವೊಂದು ವಿಶ್ವಸಂಸ್ಥೆಯ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆಯಡಿ ನೋಂದಣಿಯಾಗಿತ್ತು. ಅದು ತಪ್ಪಿಸಿದ ಇಂಗಾಲದ ಲೆಕ್ಕವನ್ನು ಪರದೇಶದವರು ಕೊಳ್ಳಬಹುದಿತ್ತು. ಗದ್ದೆಯಲ್ಲೇ ಸುಟ್ಟು ಊರಿನ ಕಣ್ಣುರಿಸುತ್ತಿದ್ದ ತರಗಿಗೆ ಬೆಲೆ ಬಂದದ್ದು ಒಳ್ಳೆಯದೇ. ಆದರೆ ವಿಮಾನದ ಹೊಗೆ ಮೇಲೆಯೇ ಉಳಿಯಿತಲ್ಲ? ತಪ್ಪಿಗೆ ನೂರು ಸಲ ಬರೆಯಲು ಹೇಳಿದರೆ ಪಕ್ಕದವನಿಂದ ಬರೆಸಿ ತರುತ್ತಿದ್ದ ನನ್ನ ವಿದ್ಯಾರ್ಥಿಗಳು ನೆನಪಾದರು.

ಹೆರಿಗೆಗೊಮ್ಮೆ, ಮಗುವಿನ ಮೊದಲ ಹುಟ್ಟುಹಬ್ಬಕ್ಕೊಮ್ಮೆ ಹೋಗುವುದೆಂದಿತ್ತು. ಹೆರಿಗೆಗೆ ಹೋಗಿ ಐದು ತಿಂಗಳು ಇದ್ದುಬಿಡೋಣ, ಎರಡನೆಯ ಪ್ರಯಾಣ ಬೇಡವೆಂದೆ. ಅಳಿಯಂದಿರು ಹೇಳಿದ ಹಣವನ್ನೂ ಕಟ್ಟಿದೆ; ಎಷ್ಟಾದರೂ ಒಂದು ಸಲವಂತೂ ಹಾರುತ್ತಿದ್ದೇವೆ. ನನ್ನಾಕೆ ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ, ಹುಟ್ಟುಹಬ್ಬಕ್ಕೆಂದು ತೆಗೆದಿರಿಸಿದ್ದ ಬೆಳ್ಳಿಯ ಕಾಲ್ಕಡಗಗಳನ್ನು ಈ ಸಲದ ಪೆಟ್ಟಿಗೆಗೇ ಹಾಕಿದಳು.