ಬೇಸಗೆಯ ನೀರು

ಆಕಾಶದಲ್ಲಿ ಮೋಡವಿಲ್ಲದ ಮಾತ್ರದಿಂದ ಮಳೆಯೇ ಇಲ್ಲವೆನ್ನಬಹುದೆ? ದೇವರಾಜ ಮೊಹಲ್ಲಾದಲ್ಲಿ ಚೈತ್ರದ ಬಿಸಿಲು ನೆಲವನ್ನು ಸುಡುತ್ತಿರುವಾಗಲೂ ನಮ್ಮ ನಲ್ಲಿಗಳಲ್ಲಿ ಕಾವೇರಿಯ ನೀರು ಬರುವುದು. ಅದು ಹಿಂದಿನ ಆಷಾಢದಲ್ಲಿ ಕೊಡಗಿನ ಬೆಟ್ಟಗಳ ಮೇಲೆ ಸುರಿದ ಮಳೆ. 1911ರಲ್ಲಿ ಕಟ್ಟಲಾರಂಭಿಸಿದ ಕನ್ನಂಬಾಡಿಯ ಕಟ್ಟೆಯು ಅದನ್ನು ಕಾದಿರಿಸಿರುವುದು.

ಮಗನನ್ನು ಕಳೆದುಕೊಂಡ ನೆರೆಮನೆಯ ಕ್ರೈಸ್ತ ತಾಯಿಯೊಬ್ಬರು, ಪ್ರಾರ್ಥನೆಗೆ ಕುಳಿತರೆ ಕಣ್ಣೀರೂ ಬಾರದಷ್ಟು ಮನಸ್ಸು ಒಣಗಿರುವುದೆಂದು ಕೊರಗುವರು. ಆದರೂ ಬಾಲ್ಯದಲ್ಲಿ ಕಲಿತ ಕರ್ತನ ಪ್ರಾರ್ಥನೆಯನ್ನು ಒಂದು ದಿನವೂ ಬಿಟ್ಟವರಲ್ಲ.

ಸಜ್ಜನ ದುರ್ಜನರಿಬ್ಬರ ಮೇಲೂ ತಂದೆಯು ಮಳೆಗರೆಯುವನೆಂದು ಮತ್ತಾಯನ ಸುವಾರ್ತೆಯು ಸಾರುವುದು. ಹಾಗಿರಲು ದುಃಖಿತರ ಮೇಲೆ ಗರೆಯದಿರುವನೆ? ಭಾವವು ಋತುವಿನಂತೆ ಬಂದು ಹೋಗುವುದು; ಶ್ರದ್ಧೆಯು ಕಟ್ಟೆಯಂತೆ ಅಂದು ಬಂದುದನ್ನು ಇಂದಿಗೆ ಉಳಿಸುವುದು. ವಾಚಕರೇ, ಒಣಗಿದ ಮನಸ್ಸಿನ ಪ್ರಾರ್ಥನೆಯನ್ನು ಹುಸಿಯೆಂದೆಣಿಸಬೇಡಿರಿ.