ಬೆಂದ ಮಣ್ಣು

ನಮ್ಮ ಧರ್ಮಕೇಂದ್ರದ ಹುಡುಗಿಯೊಬ್ಬಳು ಹೂಕುಂಡಕ್ಕೆ ಅಂಟಿಸಿದ ಚೀಟಿಯನ್ನು ತೋರಿಸಿ, “ಫಾದರ್, ಟೆರಾಕೋಟ ಅಂದರೇನು?” ಎಂದು ಕೇಳಿದಳು. ಗುರುಮಠದಲ್ಲಿ ಕಲಿತ ಲ್ಯಾಟಿನ್ ಇಷ್ಟಕ್ಕಾದರೂ ಒದಗಿತಲ್ಲ ಎಂದು ಉತ್ಸಾಹದಿಂದಲೇ ವಿವರಿಸಿದೆ. ಅದು ಇಟಲಿಯ ನುಡಿ. ‘ತೆರ್ರಾ’ ಎಂದರೆ ಮಣ್ಣು, ‘ಕೊತ್ತಾ’ ಎಂದರೆ ಬೆಂದದ್ದು. ಅಡುಗೆ ಮಾಡು ಎಂಬರ್ಥದ ಲ್ಯಾಟಿನ್ ಕ್ರಿಯಾಪದ ‘ಕೊಕ್ವೆರೆ’ ಅದರ ಮೂಲ. ಬಿಸ್ಕತ್ತೂ ಅದೇ ಮನೆತನದ್ದು. ಎರಡು ಬಾರಿ ಬೆಂದದ್ದು ಎಂದು ಅದರ ಅರ್ಥ. ಹುಡುಗಿ ನಕ್ಕಳು.

ನಾವು ಇಟ್ಟಿಗೆಯನ್ನು ಸುಡುತ್ತೇವೆ, ಅವರು ಮಣ್ಣನ್ನು ಬೇಯಿಸುತ್ತಾರೆ. ಕೆಲಸ ಒಂದೇ. ಬಿಸಿಲಿನಲ್ಲಿ ಒಣಗಿದ ಹಸಿ ಮಡಕೆಯು ನೀರಿಗೆ ಬಿದ್ದರೆ ಮರಳಿ ಕೆಸರಾಗುತ್ತದೆ. ಆವಿಗೆಯಲ್ಲಿ ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಕಣಕಣದೊಳಗೆ ಬೆಸೆದುಕೊಂಡಿದ್ದ ನೀರೂ ಹೊರಟುಹೋಗಿ, ಅದು ಒಡೆದರೆ ಚೂರಾದೀತೇ ಹೊರತು ಕೆಸರಾಗದು.

ಪ್ರಾಚೀನ ರೋಮನರು ಸುಟ್ಟ ಮಡಕೆಗೂ ಹಂಚಿಗೂ ಅವುಗಳ ಚೂರಿಗೂ ‘ತೆಸ್ತಾ’ ಎನ್ನುತ್ತಿದ್ದರು. ರೋಮ್ ನಗರದ ಮೋಂತೆ ತೆಸ್ತಾಚ್ಚೊ ಎಂಬ ಗುಡ್ಡವು ಎಣ್ಣೆ ಜಾಡಿಗಳ ಚೂರುಗಳಿಂದಲೇ ಎದ್ದದ್ದು. ಎತ್ತರ ಸುಮಾರು 35 ಮೀಟರ್. ಯೋಬನು ಮೈ ಕೆರೆದುಕೊಂಡ ಬೋಕಿಯೂ ಲ್ಯಾಟಿನ್ ಬೈಬಲಿನಲ್ಲಿ ‘ತೆಸ್ತಾ’. ಇಂದು ಇಟಲಿಯಲ್ಲಿ ಆ ಪದಕ್ಕೆ ಅರ್ಥ ‘ತಲೆ’! ಯಾವ ಕಾಲದಲ್ಲೋ ಯಾರೋ ತಲೆಯನ್ನು ಹಾಸ್ಯಕ್ಕೆ ಮಡಕೆ ಎಂದಿರಬೇಕು. ಆದರೆ ಸಂಸ್ಕೃತದ ‘ಕಪಾಲ’ವೂ ಮಡಕೆಯ ಚೂರು ಹೌದು, ತಲೆಬುರುಡೆಯೂ ಹೌದು. ಕನ್ನಡದಲ್ಲಿ ಬೋಕಿಯೂ ಓಡು, ತಲೆಯದೂ ಓಡು. ಇಷ್ಟೂ ಕಡೆ ಒಂದೇ ಹಾಸ್ಯ ಹುಟ್ಟಿತೆಂದು ನನಗೆ ನಂಬಿಕೆಯಿಲ್ಲ.

ಇದನ್ನು ಆ ಮಗುವಿಗೆ ಹೇಳಲಿಲ್ಲ.

ಅಮ್ಮ ತೀರಿಕೊಂಡಾಗ ಇಪ್ಪತ್ತೆರಡು ವರ್ಷಗಳ ಹಿಂದೆ ಅಪ್ಪನನ್ನು ಮಣ್ಣು ಮಾಡಿದ್ದ ಜಾಗವನ್ನೇ ತೆರೆಯಲಾಯಿತು. ಗುಂಡಿಯಿಂದ ಮೇಲೆ ಹಾಕಿದ ಮಣ್ಣಿನಲ್ಲಿ ಕೆಂಪಗೆ, ತುಸು ಬಾಗಿದ ಹಂಚಿನ ಚೂರೊಂದು ಕಂಡಿತು. ಬರುವವರ ಕಾಲಿಗೆ ತಾಗದಿರಲೆಂದು ಅದನ್ನು ಬೇಲಿಯಾಚೆ ಎಸೆಯಲು ಕೈ ಎತ್ತಿದ್ದೆ. ಗುಂಡಿಯೊಳಗಿದ್ದ ಮುದುಕ ತಲೆಯೆತ್ತಿ ನೋಡಿ, “ಸ್ವಾಮಿ, ಅದು ಹಂಚಲ್ಲ” ಎಂದ.

ಎಣಿಸಿದ್ದಕ್ಕಿಂತ ಹಗುರವಾಗಿತ್ತು. ಎರಡೂ ಕೈಗಳಲ್ಲಿ ಹಿಡಿದು ಅಲ್ಲೇ ನಿಂತೆ. ತಂಗಿ ತನ್ನ ಬಿಳಿಯ ಮುಸುಕನ್ನು ತೆಗೆದುಕೊಟ್ಟಳು. ಅದರಲ್ಲಿ ಸುತ್ತಿ, ಅಮ್ಮನ ಪೆಟ್ಟಿಗೆ ಇಳಿಸುವ ಮುನ್ನ, ಗುಂಡಿಯ ತಲೆಯ ಕಡೆ ಇರಿಸಿದೆವು. ಕೈ ತೊಳೆಯಲು ವೇಳೆಯಿರಲಿಲ್ಲ. ವಿಧಿಯನ್ನು ನಾನೇ ನಡೆಸಬೇಕಿತ್ತು. ಪೂಜಾಗ್ರಂಥದ ಆ ಪುಟದಂಚಿನಲ್ಲಿ ಹೆಬ್ಬೆರಳಿನ ಕೆಂಪು ಗುರುತು ಈಗಲೂ ಇದೆ.